ಕೊಡಗಿಗೆ ವಾಸ ಬದಲಿಸುವುದು ಹೇಗೆ: ಪೇಟೆಯೋ, ತೋಟದ ಊರೋ?

ಡಿಸೆಂಬರ್‌ನಲ್ಲಿ ಬರುತ್ತಾರೆ. ಕಣದ ತುಂಬ ಹರಡಿದ ಕಾಫಿ, ಬೆಳಗಿನ ಮಂಜು, ಹಿತವಾದ ಚಳಿ. ಜನವರಿಯಲ್ಲಿ ಮುಂಗಡ ಕೊಡುತ್ತಾರೆ. ಮಕ್ಕಳ ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಸಾಮಾನು ಇಳಿಸುತ್ತಾರೆ. ಜುಲೈ ಹೊತ್ತಿಗೆ ಬೀರುವಿನ ಬಟ್ಟೆಗೆಲ್ಲ ಬೂಷ್ಟು, ಮೂರು ದಿನದಿಂದ ಕರೆಂಟಿಲ್ಲ, ಅಡುಗೆಮನೆಯ ಗೋಡೆ ಒದ್ದೆ. ಅಕ್ಟೋಬರ್‌ನಲ್ಲಿ ಅದೇ ಮನೆ ಮಾರಾಟಕ್ಕಿರುತ್ತದೆ. ಮೈಸೂರಿನಿಂದ ಬಂದ ನಾನೂ ಮೊದಲ ಸಲ ಹೀಗೇ ಎಡವಿದವನು. ಈಗ ಪ್ರತಿ ಬೇಸಿಗೆಯಲ್ಲೂ ನಾಲ್ಕಾರು ಮಂದಿ ನನ್ನಲ್ಲಿಗೆ ಬಂದು ಪೇಟೆಯಲ್ಲಿರುವುದೋ ತೋಟದ ಊರಿನಲ್ಲೋ ಎಂಬ ಅದೇ ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಂಡು, ಆಮೇಲೆ ಹೋಗಿ ಅದೇ ತಪ್ಪು ಮಾಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಇವರೆಲ್ಲ ಎಡವುವುದು ಕೆಲಸದ ಸರದಿಯಲ್ಲಿ. ಮೊದಲು ಜಾಗ ಕೊಳ್ಳುತ್ತಾರೆ, ಆಮೇಲೆ ಮನೆ ಕಟ್ಟುತ್ತಾರೆ, ಕೊನೆಗೆ ಮಳೆ ನೋಡುತ್ತಾರೆ. ಕೆಳಗೆ ಅದನ್ನು ತಿರುಗಿಸಿ ಕೊಟ್ಟಿದ್ದೇನೆ. ಮೊದಲ ಹಂತದಿಂದ ಜಾಗ ಕೊಳ್ಳುವ ಹಂತಕ್ಕೆ ಬರಲು ಕನಿಷ್ಠ ಒಂದು ವರ್ಷ ಬೇಕು. ಆರು ತಿಂಗಳಲ್ಲಿ ಮುಗಿಸಬೇಕು ಎನ್ನುವವರು ಬಾಡಿಗೆಗಷ್ಟೇ ಬನ್ನಿ.

ಹೊರಡುವ ಮೊದಲು ಕೈಯಲ್ಲಿರಬೇಕಾದವು: ಬೇರೆಬೇರೆ ಕಂಪನಿಯ ಎರಡು ಸಿಮ್ (ಒಂದು ಬಿಎಸ್‌ಎನ್‌ಎಲ್ ಆದರೆ ಒಳ್ಳೆಯದು), ಸರ್ವೆ ನಂಬರ್ ನೋಡಲು ಫೋನಿನಲ್ಲಿ ದಿಶಾಂಕ್ ಆ್ಯಪ್, ಒಳ್ಳೆಯ ಟಾರ್ಚ್, ಗಮ್‌ಬೂಟು, ಒಂದು ನೋಟ್‌ಬುಕ್. ನೋಟ್‌ಬುಕ್ಕಿನಲ್ಲಿ ನೋಡಿದ ಪ್ರತಿ ಮನೆಗೂ ಒಂದು ಪುಟ. ಹತ್ತು ಮನೆ ನೋಡಿದ ಮೇಲೆ ಯಾವ ಮನೆಯ ಬಾವಿ ಬತ್ತುತ್ತಿತ್ತು, ಯಾವುದರ ದಾರಿ ಜಾರುತ್ತಿತ್ತು ಎಂಬುದು ನೆನಪಿರುವುದಿಲ್ಲ.

1. ಮೊದಲು ಮನೆಯವರ ಲೆಕ್ಕ

ನಕ್ಷೆ ತೆರೆಯುವ ಮುಂಚೆ ಮನೆಯವರೆಲ್ಲ ಕೂತು ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ.

ಮನೆಯಲ್ಲಿ ಗಾಡಿ ಓಡಿಸುವವರು ಎಷ್ಟು ಮಂದಿ? ಕೊಡಗಿನಲ್ಲಿ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಸರ್ಕಾರಿ, ಖಾಸಗಿ ಬಸ್ಸುಗಳು ಪೇಟೆಯಿಂದ ಪೇಟೆಗೆ ಚೆನ್ನಾಗಿಯೇ ಇವೆ, ಒಳಗಿನ ಊರುಗಳಿಗೆ ಮಾತ್ರ ದಿನಕ್ಕೆ ಇಷ್ಟೇ ಎಂದು ಎಣಿಸಿ ಓಡುತ್ತವೆ. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಜೀಪೋ ಆಟೋನೋ ಬಾಡಿಗೆಗೆ ಹಿಡಿಯಬೇಕು. ಒಬ್ಬರೇ ಓಡಿಸುವವರಾದರೆ ಅವರಿಗೆ ಜ್ವರ ಬಂದ ದಿನ ಇಡೀ ಮನೆ ಅಲ್ಲಾಡುವಂತಿಲ್ಲ.

ಯಾರಿಗಾದರೂ ತಿಂಗಳಿಗೊಮ್ಮೆ ತಜ್ಞ ವೈದ್ಯರು ಬೇಕೇ? ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಸೇರಿದ ಜಿಲ್ಲಾ ಆಸ್ಪತ್ರೆ ಇದೆ. ಆದರೂ ಹೃದಯ, ಮಿದುಳು, ದೊಡ್ಡ ಅಪಘಾತ ಎಂದರೆ ಆ್ಯಂಬುಲೆನ್ಸ್ ಮೈಸೂರಿನ ಕಡೆಗೋ ಮಂಗಳೂರಿನ ಕಡೆಗೋ ತಿರುಗುತ್ತದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರು ಅದಕ್ಕಿಂತ ತುಸು ಹೆಚ್ಚು ದೂರ, ನಡುವೆ ಸಂಪಾಜೆ ಘಾಟಿ. ಈ ಘಾಟಿ 2018ರಲ್ಲಿ ಕುಸಿದು ತಿಂಗಳುಗಟ್ಟಲೆ ದೊಡ್ಡ ವಾಹನಗಳಿಗೆ ಮುಚ್ಚಿತ್ತು. ಡಯಾಲಿಸಿಸ್ ಇರುವವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತೋಟದ ಊರಿನ ಆಸೆಯನ್ನು ಇಲ್ಲೇ ಬಿಡುವುದು ಒಳ್ಳೆಯದು.

ಮನೆಯಿಂದಲೇ ಕೆಲಸವೇ? ಹಾಗಿದ್ದರೆ 'ನೆಟ್‌ವರ್ಕ್ ಬರುತ್ತದೆ' ಎಂಬ ಮಾತಿಗೆ ಬೆಲೆ ಕೊಡಬೇಡಿ. ಕೇಳಬೇಕಾದ್ದು ಬೇರೆ: ಎರಡು ದಿನ ಕರೆಂಟ್ ಹೋದಾಗ ಟವರ್ ಎಷ್ಟು ಹೊತ್ತು ಬದುಕಿರುತ್ತದೆ? ಬ್ಯಾಟರಿ, ಡೀಸೆಲ್ ಮುಗಿದ ಮೇಲೆ ಟವರೂ ಮಲಗುತ್ತದೆ. ಫೈಬರ್ ಇದ್ದರೂ ಮರ ಬಿದ್ದು ಕಂಬ ಮುರಿದರೆ ಅದೂ ಹೋಯಿತು.

ಮಕ್ಕಳ ಶಾಲೆ ಎಷ್ಟು ದೂರ? ಜೋರು ಮಳೆಗೆ ಜಿಲ್ಲಾಧಿಕಾರಿ ರಜೆ ಘೋಷಿಸುವುದು ಇಲ್ಲಿ ವಾಡಿಕೆ. ರಜೆಯ ದಿನಗಳಿಗಿಂತ ಅರ್ಧಂಬರ್ಧ ಮಳೆಯ ದಿನಗಳೇ ಕಷ್ಟ. ಶಾಲೆ ಇರುತ್ತದೆ, ವ್ಯಾನು ನಿಮ್ಮ ಕವಲು ದಾರಿಯ ತನಕ ಬರುವುದಿಲ್ಲ.

ನಾಲ್ಕರಲ್ಲಿ ಎರಡಕ್ಕೆ ಉತ್ತರ ಸಮಾಧಾನ ತರಲಿಲ್ಲವೆಂದರೆ ಮೊದಲ ವರ್ಷ ಪೇಟೆಯಲ್ಲೇ ಇರಿ.

2. ಮಳೆ ನೋಡಿ ಸೀಮೆ ಆರಿಸಿ

ಹೊರಗಿನವರಿಗೆ ಕೊಡಗೆಂದರೆ ಒಂದೇ ಹವೆ. ಇಲ್ಲಿನವರು ಮಳೆಯನ್ನು ಇಂಚಿನಲ್ಲಿ ಎಣಿಸುತ್ತಾರೆ. ಅಂಗಳದಲ್ಲಿ ಮಳೆಮಾಪಕ ಇಟ್ಟು, ಬೆಳಿಗ್ಗೆ ಓದಿ, ಡೈರಿಯಲ್ಲಿ ಬರೆಯುವ ತೋಟಗಾರರು ಊರಿಗೆ ಒಬ್ಬರಾದರೂ ಸಿಗುತ್ತಾರೆ. ಅವರ ಡೈರಿಗಿಂತ ಒಳ್ಳೆಯ ದಾಖಲೆ ನಿಮಗೆ ಬೇರೆ ಸಿಗದು.

ಪೂರ್ವದ ಅಂಚಿನ ಕುಶಾಲನಗರದಲ್ಲಿ ವರ್ಷಕ್ಕೆ 40 ಇಂಚಿನ ಆಸುಪಾಸು. ಅಲ್ಲಿಂದ ಸುಮಾರು 30 ಕಿಲೋಮೀಟರ್ ಘಟ್ಟ ಹತ್ತಿ ಮಡಿಕೇರಿಗೆ ಬಂದರೆ 120 ಇಂಚು ಮೀರುತ್ತದೆ. ಇನ್ನೂ ಪಶ್ಚಿಮಕ್ಕೆ ಭಾಗಮಂಡಲದ ಕಡೆ 200 ದಾಟುವುದು ಅಚ್ಚರಿಯಲ್ಲ. ಒಂದೇ ಜಿಲ್ಲೆಯೊಳಗೆ ಐದು ಪಟ್ಟು ವ್ಯತ್ಯಾಸ.

ನನ್ನ ಮಟ್ಟಿಗೆ ಪೇಟೆಯೋ ಹಳ್ಳಿಯೋ ಎಂಬುದು ಎರಡನೆಯ ಪ್ರಶ್ನೆ, ಯಾವ ಮಳೆ ಎಂಬುದು ಮೊದಲನೆಯದು. ಕುಶಾಲನಗರದ ಸುತ್ತಿನ ಹಳ್ಳಿಯಲ್ಲಿ ಇರುವುದಕ್ಕಿಂತ ಮಡಿಕೇರಿ ಪೇಟೆಯ ನಡುವೆ ಇರುವುದು ಬಯಲುಸೀಮೆಯವರಿಗೆ ಕಷ್ಟ. ಆಸ್ತಮಾ, ಕೀಲುನೋವು ಇರುವ ಹಿರಿಯರಿದ್ದರೆ ಪೂರ್ವದ ಅಂಚನ್ನೇ ಹಿಡಿಯಿರಿ: ಕುಶಾಲನಗರ, ಕೂಡಿಗೆ, ಶನಿವಾರಸಂತೆಯ ಕಡೆ. ಮಳೆ ತಡೆಯಬಲ್ಲೆವು ಎನ್ನುವವರಿಗೆ ನಡುವಿನ ಪಟ್ಟಿ: ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ, ಗೋಣಿಕೊಪ್ಪ, ಪೊನ್ನಂಪೇಟೆ. ಗಾಳಿಬೀಡು, ಶಾಂತಳ್ಳಿ, ಭಾಗಮಂಡಲ, ಬಿರುನಾಣಿಯ ಕಡೆಯ ಊರುಗಳಿಗೆ ಮೊದಲ ವರ್ಷವೇ ಹೋಗಿ ನೆಲೆಸುತ್ತೇನೆ ಎಂದರೆ ನಾನು ಬೇಡ ಎಂದೇ ಹೇಳುವುದು.

ಇಲ್ಲಿ ಒಂದು ಎಚ್ಚರ. ಮಳೆ ಕಡಿಮೆ ಎಂದ ಮಾತ್ರಕ್ಕೆ ನೀರು ಬರುವುದಿಲ್ಲ ಎಂದುಕೊಳ್ಳಬೇಡಿ. ಭಾಗಮಂಡಲದಲ್ಲಿ ಸುರಿದದ್ದು ಕಾವೇರಿಯಲ್ಲಿ ಇಳಿದು ಬಂದು ಕುಶಾಲನಗರದ ಹೊಳೆದಂಡೆಯ ಬಡಾವಣೆಗಳಿಗೆ ನುಗ್ಗುತ್ತದೆ. 2018ರಲ್ಲೂ 2019ರಲ್ಲೂ ಸಾಯಿ ಬಡಾವಣೆ, ಕುವೆಂಪು ಬಡಾವಣೆಯ ಮನೆಗಳಿಗೆ ನೀರು ಹೊಕ್ಕಿತ್ತು. ಸಿದ್ದಾಪುರದ ಬಳಿಯ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳು 2019ರಲ್ಲಿ ಕೊಚ್ಚಿಹೋದವು. ನದಿ ಕಾಣುವ ಸೈಟಿಗೆ ಬ್ರೋಕರ್ ಹೆಚ್ಚು ಬೆಲೆ ಹೇಳುತ್ತಾನೆ. ಆ ನೋಟಕ್ಕೆ ಆಗಸ್ಟ್‌ನಲ್ಲಿ ಬೇರೆ ಬೆಲೆ ಇದೆ.

3. ಇಲ್ಲಿ 'ಹಳ್ಳಿ' ಎಂದರೆ ಏನೆಂದು ತಿಳಿಯಿರಿ

ಮಂಡ್ಯ, ಹಾಸನ, ತುಮಕೂರಿನ ಕಡೆಯಿಂದ ಬರುವವರಿಗೆ ಹಳ್ಳಿ ಎಂದರೆ ಬೀದಿ, ಅರಳಿಕಟ್ಟೆ, ಎದುರುಬದುರು ಮನೆ. ಸಕ್ಕರೆ ತೀರಿದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವುದು. ಕೊಡಗಿನ ಊರು ಹಾಗಿರುವುದಿಲ್ಲ. ಒಂದೊಂದು ಮನೆಯೂ ತನ್ನ ತೋಟದ ನಡುವೆ ಒಂಟಿಯಾಗಿರುತ್ತದೆ. ಪಕ್ಕದ ಮನೆ ಎಂದರೆ ಅರ್ಧ ಕಿಲೋಮೀಟರ್, ನಡುವೆ ಕಾಫಿ, ಸಿಲ್ವರ್ ಮರ, ಒಂದು ಕೊಲ್ಲಿ (ತೊರೆ ಹರಿಯುವ ತಗ್ಗು). ಸಂಜೆ ಆರರ ಮೇಲೆ ಮಳೆಯ ಸದ್ದು ಬಿಟ್ಟರೆ ಜೀರುಂಡೆ.

ಈ ಒಂಟಿತನ ಮೊದಲ ಹದಿನೈದು ದಿನ ಸುಖ. ಮೂರನೇ ತಿಂಗಳಲ್ಲಿ ನನ್ನ ಹೆಂಡತಿ ಕೇಳಿದ್ದು, "ಈ ವಾರ ನಾವಿಬ್ಬರು ಬಿಟ್ಟು ಬೇರೆ ಯಾರ ಮುಖ ನೋಡಿದಿರಿ?" ಹಾಲಿನವನ ಹೆಸರು ಹೇಳಿದೆ. ಮುಂದಿನ ವರ್ಷ ಪೇಟೆಯ ಅಂಚಿಗೆ ಬಂದೆವು.

ಪೇಟೆಗಳೂ ಒಂದರಂತೆ ಒಂದಿಲ್ಲ. ಮಡಿಕೇರಿಯಲ್ಲಿ ಕಚೇರಿ, ಆಸ್ಪತ್ರೆ, ಕಾಲೇಜು ಎಲ್ಲ ಕೈಗೆಟುಕುತ್ತದೆ, ಆದರೆ ಏರಿಳಿತದ ಊರು. ವಾರಾಂತ್ಯದಲ್ಲಿ ಪ್ರವಾಸಿಗರ ಕಾರುಗಳ ನಡುವೆ ತರಕಾರಿಗೆ ಹೋಗಿಬರುವುದೇ ಒಂದು ಸಾಹಸ. ಸಮತಟ್ಟಾದ ಕುಶಾಲನಗರ ಮೈಸೂರಿಗೂ ಹತ್ತಿರ, ಬಾಡಿಗೆ ಮನೆಯೂ ಹೆಚ್ಚು. 'ಇದು ಕೊಡಗಿನಂತಿಲ್ಲ' ಎಂದು ದೂರುವವರೇ ಕೊನೆಗೆ ಅಲ್ಲಿ ನೆಲೆ ನಿಲ್ಲುವುದನ್ನು ನೋಡಿದ್ದೇನೆ. ಗೋಣಿಕೊಪ್ಪ ವ್ಯಾಪಾರದ ಊರು, ದಕ್ಷಿಣ ಕೊಡಗಿನ ತೋಟಗಳಿಗೆಲ್ಲ ಅದೇ ಪೇಟೆ. ವಿರಾಜಪೇಟೆಯಿಂದ ಮಾಕುಟ್ಟದ ದಾರಿ ಇಳಿದರೆ ಕಣ್ಣೂರಿನ ಕಡೆ, ಕೇರಳದ ನಂಟಿರುವವರಿಗೆ ಅನುಕೂಲ. ಸೋಮವಾರಪೇಟೆ ನಿಧಾನದ ಊರು.

ದೊಡ್ಡ ಪೇಟೆ, ತೋಟದ ಊರು, ಇವೆರಡರ ನಡುವೆ ಮೂರನೆಯದೊಂದಿದೆ, ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ: ಮೂರ್ನಾಡು, ಸುಂಟಿಕೊಪ್ಪ, ನಾಪೋಕ್ಲು, ಅಮ್ಮತ್ತಿ, ಪೊನ್ನಂಪೇಟೆಯಂಥ ಚಿಕ್ಕ ಪೇಟೆಗಳು. ಮೆಡಿಕಲ್ ಶಾಪು, ಬ್ಯಾಂಕು, ಬಸ್ ನಿಲ್ದಾಣ ನಡಿಗೆಯಲ್ಲಿ, ತೋಟ ಹಿತ್ತಿಲಿನಲ್ಲಿ. ಏನೂ ತೋಚದಿದ್ದರೆ ಇಲ್ಲಿಂದ ಶುರು ಮಾಡಿ.

4. ಮಳೆಗಾಲಕ್ಕೆ ಬಾಡಿಗೆ ಹಿಡಿಯಿರಿ

ಮನೆ ಹುಡುಕಲು ಏಪ್ರಿಲ್ ಸರಿಯಾದ ಕಾಲ. ಬಾವಿಯ ತಳ ಕಾಣುವುದು ಆಗಲೇ. ಇಷ್ಟು ಮಳೆ ಬೀಳುವ ಜಿಲ್ಲೆಯಲ್ಲೂ ಮಾರ್ಚ್, ಏಪ್ರಿಲ್‌ನಲ್ಲಿ ನೀರಿಗೆ ತತ್ವಾರವಾಗುವ ಮನೆಗಳು ಬೇಕಾದಷ್ಟಿವೆ. ಕೊಡ ಇಳಿಸಿ ನೋಡಿ. 'ಬೋರ್ ಇದೆ' ಎಂದರೆ ಮೋಟಾರ್ ಹಾಕಿಸಿ ಅರ್ಧ ಗಂಟೆ ನೀರು ಬಿಡಿಸಿ.

ಕರಾರು 11 ತಿಂಗಳದ್ದಿರಲಿ, ಮೇ ನಡುವಿನಲ್ಲಿ ಶುರುವಾಗಲಿ. ಆಗಸ್ಟ್ ಮುಗಿಯುವ ತನಕ ಆ ಮನೆಯಲ್ಲಿ ಇರಲೇಬೇಕು. ಜೂನ್‌ನಲ್ಲಿ ಒಂದು ವಾರ ಇದ್ದು 'ಮಳೆ ನೋಡಿದೆವು' ಎನ್ನುವವರಿದ್ದಾರೆ. 2018, 2019, 2020, ಮೂರೂ ವರ್ಷ ದೊಡ್ಡ ಅನಾಹುತವಾದದ್ದು ಆಗಸ್ಟ್‌ನಲ್ಲಿ. ನೆಲ ಎರಡು ತಿಂಗಳು ನೀರು ಕುಡಿದು ತುಂಬಿದ ಮೇಲೆ ಬೀಳುವ ಮಳೆಯೇ ಗುಡ್ಡವನ್ನು ಜಾರಿಸುವುದು. ಹೋಂಸ್ಟೇಯಲ್ಲಿ ಉಳಿಯುವುದನ್ನು ಇದಕ್ಕೆ ಲೆಕ್ಕ ಹಿಡಿಯಬೇಡಿ. ಅಲ್ಲಿ ಒಗೆದ ಬಟ್ಟೆ ಒಣಗಿಸುವವರು ನೀವಲ್ಲ.

ಮನೆಯೊಳಗೆ ಹೋದಾಗ ಬಾಗಿಲು ತೆರೆದ ಕೂಡಲೇ ಮೂಸಿ ನೋಡಿ. ಹೊಸ ಬಣ್ಣದ ವಾಸನೆಯ ಕೆಳಗೆ ಬೂಷ್ಟಿನ ವಾಸನೆ ಇದ್ದರೆ ಬಣ್ಣ ಹೊಡೆದದ್ದು ಯಾಕೆಂದು ತಿಳಿಯಿತು. ಗೋಡೆಗೆ ಕೂಡಿಸಿಟ್ಟ ಬೀರುವನ್ನು ಎಳೆಸಿ ಹಿಂಬದಿ ನೋಡಿ. ಪಶ್ಚಿಮದ ಗೋಡೆಗೆ ಮಾಡು ಎಷ್ಟು ಹೊರಚಾಚಿದೆ ನೋಡಿ, ಏಕೆಂದರೆ ಗಾಳಿಮಳೆ ಬಡಿಯುವುದು ಆ ಕಡೆಯಿಂದ. ಹೆಂಚಿನ ಮನೆಯಾದರೆ ಒಡೆದ ಹೆಂಚು ಬದಲಿಸಲು ಆಳು ಸಿಗುತ್ತಾನೆಯೇ ಎಂದು ಕೇಳಿ. ಬಯಲುಸೀಮೆಯ ಮಾದರಿಯ ಚಪ್ಪಟೆ ತಾರಸಿ, ಅದರ ಮೇಲೆ ಶೀಟಿಲ್ಲ ಎಂದಾದರೆ ಆ ಮನೆ ಕಟ್ಟಿದವರು ಮಳೆಗಾಲದಲ್ಲಿ ಅಲ್ಲಿ ಇರಲಿಲ್ಲ ಎಂದೇ ಅರ್ಥ.

ಬಚ್ಚಲಲ್ಲಿ ಸೌದೆ ಒಲೆ ಇರುವ ಮನೆಯನ್ನು ಬಿಡಬೇಡಿ. ಕರೆಂಟಿಲ್ಲದ ದಿನ ಬಿಸಿನೀರಿಗೂ, ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದಕ್ಕೂ ಅದೇ ಗತಿ. ಗೀಸರ್ ನೋಡಿ ಖುಷಿಪಟ್ಟು ಒಲೆ ಒಡೆಸಿದವರನ್ನು ಬಲ್ಲೆ.

ಮುಖ್ಯರಸ್ತೆಯಿಂದ ಮನೆಯ ತನಕದ ದಾರಿ ಯಾರದ್ದೆಂದು ಈಗಲೇ ಕೇಳಿ. ಪಂಚಾಯಿತಿ ರಸ್ತೆಯೋ, ಇನ್ನೊಬ್ಬರ ತೋಟದೊಳಗಿನ ದಾರಿಯೋ? ಗೇಟಿದ್ದರೆ ಬೀಗದ ಕೈ ಯಾರ ಹತ್ತಿರ?

5. ಗುಡ್ಡದ ಗುರುತು ಓದುವುದು

ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ. ಬಾಡಿಗೆ ಮನೆಗೂ ಇದು ಬೇಕು.

ಮನೆ ಹಿಂದಿನ ಬರೆಯಿಂದ, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆಯಿಂದ ಶುರು ಮಾಡಿ. ಇಳಿಜಾರನ್ನು ಜೆಸಿಬಿಯಿಂದ ನೆಟ್ಟಗೆ ಕಡಿದು, ಆ ಮಣ್ಣನ್ನೇ ಮುಂದಕ್ಕೆ ತಳ್ಳಿ ಸಮ ಮಾಡಿದ ಜಾಗದಲ್ಲಿ ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿಸಿದ ಮಣ್ಣಿನ ಮೇಲೆ ಇರುತ್ತದೆ. ಆ ಎರಡರ ಗಡಿಯಲ್ಲೇ ಗೋಡೆ ಸೀಳುತ್ತದೆ. ಬರೆಯ ಎತ್ತರ ನಿಮ್ಮ ಮನೆಯ ಮಾಡಿಗಿಂತ ಹೆಚ್ಚಿದ್ದು, ತಡೆಗೋಡೆಯೂ ಇಲ್ಲ ಎಂದರೆ ಬೇರೆ ಮನೆ ನೋಡಿ. ತಡೆಗೋಡೆ ಇದ್ದರೆ ನೀರು ಹೊರಬರಲು ಅದರಲ್ಲಿ ಪೈಪಿನ ತೂತುಗಳಿವೆಯೇ ನೋಡಿ. ತೂತಿಲ್ಲದ ಗೋಡೆ ನೀರನ್ನು ಹಿಡಿದಿಟ್ಟು ಒಂದು ದಿನ ಒಟ್ಟಿಗೇ ಬರುತ್ತದೆ.

ಆಮೇಲೆ ಮೇಲಕ್ಕೆ ಹತ್ತಿ. ನಿಮ್ಮ ಜಾಗ ನೋಡಿದರೆ ಸಾಲದು, ನಿಮ್ಮ ಮೇಲಿನವರ ಜಾಗವನ್ನೂ ನೋಡಬೇಕು. ಅಲ್ಲಿ ಹೊಸ ರಸ್ತೆ ಕಡಿದಿದ್ದಾರೆಯೇ, ರೆಸಾರ್ಟಿಗೆಂದು ನೆಲ ಬೋಳು ಮಾಡಿದ್ದಾರೆಯೇ, ಇಂಗುಗುಂಡಿ ಅಥವಾ ಕೆರೆ ತೋಡಿದ್ದಾರೆಯೇ? ಕಡಿದಾದ ಇಳಿಜಾರಿನಲ್ಲಿ ನಿಂತ ನೀರು ಕೆಳಗಿನವರ ತಲೆಯ ಮೇಲಿನ ಕೊಡ.

ಅಪಾಯ ಹತ್ತಿರವಿದೆ ಎಂದು ತೋರಿಸುವ ಗುರುತುಗಳು ಇವು. ನೆಲದಲ್ಲಿ ಬಿಲ್ಲಿನಾಕಾರದ ಬಿರುಕು. ಒಂದೇ ದಿಕ್ಕಿಗೆ ವಾಲಿದ ಮರ, ಲೈಟ್ ಕಂಬ, ಬೇಲಿಗೂಟ. ನಿನ್ನೆ ತನಕ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಸಿಕ್ಕಿಕೊಳ್ಳುವುದು. ಬರೆಯಲ್ಲಿ ಹೊಸದಾಗಿ ಜಲ ಏಳುವುದು, ಅಥವಾ ತಿಳಿಯಾಗಿದ್ದ ಜಲ ಇದ್ದಕ್ಕಿದ್ದಂತೆ ಕೆಂಪಾಗುವುದು. ಜೋರು ಮಳೆಯ ನಡುವೆ ತೋಡಿನ ನೀರು ಒಮ್ಮೆಲೇ ಕಡಿಮೆಯಾಗುವುದು ಎಲ್ಲಕ್ಕಿಂತ ಕೆಟ್ಟದ್ದು, ಮೇಲೆ ಎಲ್ಲೋ ಮಣ್ಣು ಬಿದ್ದು ಕಟ್ಟೆ ಕಟ್ಟಿದೆ ಎಂದರ್ಥ. ಇವುಗಳಲ್ಲಿ ಒಂದನ್ನು ಕಂಡರೂ ಫೋಟೊ ತೆಗೆಯುತ್ತ ನಿಲ್ಲಬೇಡಿ. ಮನೆಯವರನ್ನು ಎಬ್ಬಿಸಿ ಹೊರಡಿ. ಹೋಗುವಾಗ ಇಳಿಜಾರಿನ ದಾರಿಯಲ್ಲಿ ಕೆಳಕ್ಕೆ ಓಡಬೇಡಿ, ಅಡ್ಡಕ್ಕೆ ಸರಿದು ದೂರವಾಗಿ. ಆಮೇಲೆ ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ತಿಳಿಸಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಮದೆನಾಡು, ಜೋಡುಪಾಲದ ಕಡೆ ಗುಡ್ಡ ಇಳಿಯಿತು. ಮರುವರ್ಷ ತೋರ ಎಂಬ ಊರಿನಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ. ಹಾಗಾಗಿ ಯಾವ ಊರಿನಲ್ಲೇ ಮನೆ ನೋಡಿ, ಅಕ್ಕಪಕ್ಕದವರಿಗೆ ಈ ಒಂದು ಪ್ರಶ್ನೆ ಹಾಕಿ: "ಅಣ್ಣ, 2018ರಲ್ಲಿ ನೀವು ಮನೆ ಬಿಟ್ಟು ಹೋಗಿದ್ರಾ?" ಮಾರುವವರನ್ನು ಕೇಳಿದರೆ 'ಇಲ್ಲಿ ಏನೂ ಆಗಿಲ್ಲ' ಎನ್ನುತ್ತಾರೆ. ಪಕ್ಕದ ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆಯ) ಅಜ್ಜಿಯನ್ನು ಕೇಳಿ. ಎಷ್ಟು ದಿನ ಪರಿಹಾರ ಕೇಂದ್ರದಲ್ಲಿದ್ದರು, ವಾಪಸ್ಸು ಬಂದಾಗ ಅಂಗಳದಲ್ಲಿ ಎಷ್ಟು ಕೆಸರಿತ್ತು ಎಂದು ಕೈ ಅಳತೆಯಲ್ಲಿ ತೋರಿಸುತ್ತಾರೆ.

6. ಕೊಳ್ಳುವುದಾದರೆ ಕಾಗದ

ಒಂದು ಮಳೆಗಾಲ ದಾಟಿದ ಮೇಲಷ್ಟೇ ಈ ಹಂತ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳಲು ಬರುತ್ತದೆ ಎಂದ ಮಾತ್ರಕ್ಕೆ ಅದರ ಮೇಲೆ ಮನೆ ಕಟ್ಟಲು ಬರುತ್ತದೆ ಎಂದಲ್ಲ. ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಮೊದಲು ಜಮೀನಿನ ಬಗೆ ತಿಳಿಯಿರಿ. ಕೊಡಗಿನ ಪಹಣಿಯಲ್ಲಿ ಬೇರೆ ಕಡೆ ಕಾಣದ ಪದಗಳಿರುತ್ತವೆ. 'ಜಮ್ಮ' ಎಂದಿದ್ದರೆ ಅದು ಒಕ್ಕದ, ಅಂದರೆ ಮನೆತನದ ಹಿಡುವಳಿ. ಪಟ್ಟೆದಾರರ ಹೆಸರು ಮುಂದಿದ್ದರೂ ಹಕ್ಕು ಅವರೊಬ್ಬರದ್ದೇ ಅಲ್ಲ. ವಿದೇಶದಲ್ಲಿರುವ ದಾಯಾದಿಯೊಬ್ಬರು ಆಮೇಲೆ ಬಂದು ತಕರಾರು ಎತ್ತಿದರೆ ನಿಮ್ಮ ನೋಂದಣಿ ಕಾಗದ ಕೋರ್ಟಿನಲ್ಲಿ ಕೂರುತ್ತದೆ. 'ಬಾಣೆ' ಮೂಲದಲ್ಲಿ ಗದ್ದೆಗೆ ಹೊಂದಿಕೊಂಡು ಸೌದೆ, ಸೊಪ್ಪು, ಮೇವಿಗೆ ಬಿಟ್ಟ ನೆಲ. 'ಸಾಗು' ಜಮೀನಿನಲ್ಲಿ ರಿಡೀಮ್ಡ್, ಅನ್‌ರಿಡೀಮ್ಡ್ ಎಂದು ಎರಡು. ಅನ್‌ರಿಡೀಮ್ಡ್ ಎಂದರೆ ಮರಗಳ ಮೌಲ್ಯ ಸರ್ಕಾರಕ್ಕೆ ಸಂದಿಲ್ಲ. ತೋಟದಲ್ಲಿ ನಿಂತ ಬೀಟೆ, ತೇಗ ತೋರಿಸಿ ಬೆಲೆ ಏರಿಸುವವರಿಗೆ ಮೊದಲು ಈ ಪ್ರಶ್ನೆ ಕೇಳಿ. 'ಪೈಸಾರಿ' ಸರ್ಕಾರಿ ಜಾಗ, 'ಸಿ ಮತ್ತು ಡಿ' ಎಂದಿದ್ದರೆ ಅರಣ್ಯ, ಕಂದಾಯ ಇಲಾಖೆಗಳ ನಡುವಿನ ಜಗ್ಗಾಟ, ದೇವರಕಾಡು ಅಂತೂ ಮುಟ್ಟುವ ಹಾಗೇ ಇಲ್ಲ. ಈ ಮೂರರಲ್ಲಿ ಯಾವುದರ ನೆರಳಿದ್ದರೂ ಮುಂಗಡ ಕೊಡಬೇಡಿ.

ಕಾಗದ ತರಿಸುವ ಸರದಿ ಹೀಗಿರಲಿ: ಹಳೆಯ ಪಹಣಿಗಳೂ ಸೇರಿದಂತೆ ಪಹಣಿ, ಮ್ಯುಟೇಶನ್ ದಾಖಲೆ, ಕನಿಷ್ಠ 30 ವರ್ಷದ ಋಣಭಾರ ಪ್ರಮಾಣಪತ್ರ, ವಂಶವೃಕ್ಷ, ಸರ್ವೆ ನಕ್ಷೆ. ಇವೆಲ್ಲ ಬಂದ ಮೇಲೆ ಸ್ಥಳೀಯ ವಕೀಲರ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಮ ವಕೀಲರು ಎಷ್ಟೇ ಜಾಣರಿರಲಿ, ಜಮ್ಮ ಬಾಣೆಯ ಕಾಗದ ಓದಿ ಪಳಗಿದವರು ಮಡಿಕೇರಿ, ವಿರಾಜಪೇಟೆಯಲ್ಲೇ ಸಿಗುವುದು. ನನ್ನ ಮೊದಲ ಜಾಗದ ವ್ಯವಹಾರದಲ್ಲಿ ಮಧ್ಯವರ್ತಿ ತೋರಿಸಿದ ಗಡಿಕಲ್ಲಿಗೂ ಸರ್ವೆಯವರು ತೋರಿಸಿದ್ದಕ್ಕೂ ಮೂವತ್ತು ಅಡಿ ವ್ಯತ್ಯಾಸವಿತ್ತು. ಬಾವಿ ಆ ಮೂವತ್ತು ಅಡಿಯೊಳಗಿತ್ತು. ಅಲ್ಲಿಗೆ ಆ ವ್ಯವಹಾರ ಮುಗಿಯಿತು, ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ಸು ಬಂತು. ದಿಶಾಂಕ್‌ನಲ್ಲಿ ಅಂದಾಜು ಸಿಗುತ್ತದೆ ನಿಜ, ಗಡಿಗೆ ಸರ್ವೆಯೇ ಬೇಕು.

ಮನೆ ಕಟ್ಟಲು ಭೂಪರಿವರ್ತನೆ ಆಗಿರಬೇಕು. ಕೃಷಿಕರು ಸ್ವಂತ ಬಳಕೆಗೆ ಹಿಡುವಳಿಯ ಶೇ 10ರ ಮಿತಿಯೊಳಗೆ ತೋಟದ ಮನೆ ಕಟ್ಟಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನೇ ನಂಬಿ ಹೋಂಸ್ಟೇ ಲೆಕ್ಕ ಹಾಕಬೇಡಿ. '10 ಸೆಂಟ್ ತೋಟದ ಸೈಟು, ಪರಿವರ್ತನೆ ಆಮೇಲೆ ಮಾಡಿಸಿಕೊಡುತ್ತೇವೆ' ಎಂಬ ಮಾತು ಕೇಳಿದರೆ ಕಾಫಿ ಕುಡಿದು ಎದ್ದು ಬನ್ನಿ. ಪಂಚಾಯಿತಿ ವ್ಯಾಪ್ತಿಯ ಕಟ್ಟಿದ ಮನೆಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11 ನೋಡಿ. ಗದ್ದೆ ತುಂಬಿಸಿ ಮಾಡಿದ ಬಡಾವಣೆಯಲ್ಲಿ ಕಾಗದ ಸರಿಯಿದ್ದರೂ ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬರುತ್ತದೆ.

7. ಸಾಮಾನು ಸಾಗಿಸುವುದು

ಮೇ ಮೂರನೇ ವಾರದೊಳಗೆ ಮುಗಿಸಿ. ಮಳೆ ಹಿಡಿದ ಮೇಲೆ ಭಾರಿ ವಾಹನಗಳಿಗೆ ಜಿಲ್ಲಾಡಳಿತ ನಿರ್ಬಂಧ ಹೇರುವುದುಂಟು, ಮತ್ತು ದೊಡ್ಡ ಲಾರಿ ತೋಟದ ದಾರಿಯ ತಿರುವಿನಲ್ಲಿ ಸಿಕ್ಕಿಕೊಂಡರೆ ಎಳೆಯಲು ಟ್ರ್ಯಾಕ್ಟರ್ ಹುಡುಕಬೇಕು. ಲಾರಿ ಹತ್ತಿರದ ಪೇಟೆಯ ತನಕ, ಅಲ್ಲಿಂದ ಪಿಕಪ್ ಎಂದು ಮೊದಲೇ ಮಾತಾಡಿ.

ಚರ್ಮದ ಸೋಫಾ, ಪಾರ್ಟಿಕಲ್ ಬೋರ್ಡಿನ ಕಪಾಟು, ದಪ್ಪ ಕಾರ್ಪೆಟ್ ತರಬೇಡಿ. ಕಪಾಟು ಎರಡನೇ ಮಳೆಗೆ ಹಪ್ಪಳದಂತೆ ಉಬ್ಬುತ್ತದೆ. ಪುಸ್ತಕ ತರುವುದಾದರೆ ಗಾಜಿನ ಬಾಗಿಲಿನ ಕಬ್ಬಿಣದ ಬೀರುವಿನಲ್ಲಿಟ್ಟು ಒಳಗೆ ಸಣ್ಣ ಬಲ್ಬ್ ಉರಿಸಿ. ಮಾರ್ಕ್ಸ್‌ಕಾರ್ಡ್, ಆಸ್ತಿಪತ್ರ, ಹಳೆಯ ಫೋಟೊಗಳನ್ನು ಗಾಳಿ ಹೋಗದ ಡಬ್ಬಿಯಲ್ಲಿಟ್ಟು ಎತ್ತರದಲ್ಲಿಡಿ. ಕೊಳ್ಳಬೇಕಾದವು: ಬಟ್ಟೆ ಒಣಗಿಸುವ ಸ್ಟ್ಯಾಂಡು, ಇನ್ವರ್ಟರ್, ತುರ್ತು ದೀಪ, ಎರಡನೇ ಗ್ಯಾಸ್ ಸಿಲಿಂಡರ್, ಒಂದು ತಿಂಗಳ ಅಕ್ಕಿ ಬೇಳೆ. ಸೌದೆಯನ್ನು ಮೇ ತಿಂಗಳಲ್ಲೇ ಒಣಗಿದ್ದು ಕೊಂಡು ಶೆಡ್ಡಿನೊಳಗೆ ಹಾಕಿಸಿ. ಜುಲೈನಲ್ಲಿ ಸಿಗುವ ಸೌದೆ ಹೊಗೆಗಷ್ಟೇ ಒದಗುತ್ತದೆ.

ಇನ್ವರ್ಟರ್ ಬಗ್ಗೆ ಒಂದು ಮಾತು. ನಗರದಲ್ಲಿ ಅದು ಎರಡು ಗಂಟೆಯ ಕತ್ತಲೆಗೆ. ಇಲ್ಲಿ ಮೂರು ದಿನ. ದೀಪ ಮತ್ತು ಫೋನ್ ಚಾರ್ಜಿಗಷ್ಟೇ ಅದಕ್ಕೆ ಲೈನ್ ಕೊಡಿಸಿ, ಟಿವಿ, ಫ್ರಿಜ್ ಬೇರೆಯಿರಲಿ. ಜುಲೈನಲ್ಲಿ ಸೋಲಾರ್ ಮೇಲೆ ನಂಬಿಕೆ ಇಡಬೇಡಿ.

ಆಧಾರ್ ವಿಳಾಸ, ಗ್ಯಾಸ್, ಪಡಿತರ, ಮತದಾರರ ಪಟ್ಟಿಗೆ ನಮೂನೆ 8, ಶಾಲೆಯ ವರ್ಗಾವಣೆ ಪತ್ರ, ಇವನ್ನೆಲ್ಲ ಜೂನ್ ಮೊದಲ ವಾರದೊಳಗೆ ಮುಗಿಸಿ. ಆಮೇಲೆ ಕಚೇರಿಗೆ ಹೋದರೆ ಸರ್ವರ್ ಇರುವುದಿಲ್ಲ, ಸರ್ವರ್ ಇದ್ದರೆ ಕರೆಂಟಿರುವುದಿಲ್ಲ.

8. ತೋಟದ ಊರಿನಲ್ಲಿ ಮೊದಲ ವರ್ಷ

ಆನೆಯಿಂದ ಶುರು ಮಾಡೋಣ. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ, ತಿತಿಮತಿಯ ಸುತ್ತ ಆನೆಗಳು ಕಾಡಿನಿಂದ ಬಂದುಹೋಗುವುದಷ್ಟೇ ಅಲ್ಲ, ಕಾಫಿ ತೋಟದೊಳಗೇ ಬೀಡುಬಿಡುತ್ತವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ವಾಕಿಂಗ್ ಎಂಬ ನಗರದ ಅಭ್ಯಾಸವನ್ನು ಬಿಡಿ. ಊರಿನ ವಾಟ್ಸ್ಆ್ಯಪ್ ಗುಂಪಿಗೆ ಸೇರಿ, ಆನೆ ಎಲ್ಲಿದೆ ಎಂಬ ಸುದ್ದಿ ಮೊದಲು ಬರುವುದು ಅಲ್ಲಿ. ಹಲಸು ಹಣ್ಣಾಗುವ ಮೊದಲೇ ಕೊಯ್ಯಿಸಿ, ಬಾಳೆ ಅಂಗಳದ ಅಂಚಿನಲ್ಲಿ ಬೇಡ. ದಾರಿಯಲ್ಲಿ ಎದುರಾದರೆ ಹಾರ್ನ್ ಹೊಡೆಯದೆ, ಫ್ಲ್ಯಾಶ್ ಹಾಕದೆ ಗಾಡಿ ಹಿಂದಕ್ಕೆ ತೆಗೆದುಕೊಳ್ಳಿ. ದಕ್ಷಿಣ ಕೊಡಗಿನಲ್ಲಿ, ನಾಗರಹೊಳೆಯ ಅಂಚಿನಲ್ಲಿ, ದನ ಸಾಕುವ ಆಸೆಯಿದ್ದರೆ ಹುಲಿಯ ಲೆಕ್ಕವನ್ನೂ ಇಡಿ. ಭದ್ರವಾದ ಕೊಟ್ಟಿಗೆ ಇಲ್ಲದೆ ದನ ತರಬೇಡಿ. ವಲಯ ಅರಣ್ಯ ಕಚೇರಿಯ ಸಂಖ್ಯೆ, ಊರಿನ ಲೈನ್‌ಮ್ಯಾನ್‌ನ ಸಂಖ್ಯೆ ಎರಡನ್ನೂ ಗೋಡೆಯ ಮೇಲೆ ಬರೆಯಿರಿ. ಕರೆಂಟಿಗೆ 1912 ಇದೆ, ಆದರೂ ಯಾವ ತಿರುವಿನಲ್ಲಿ ಮರ ಬಿದ್ದಿದೆ ಎಂದು ಲೈನ್‌ಮ್ಯಾನ್‌ಗೆ ನೇರವಾಗಿ ಹೇಳಿದರೆ ಕೆಲಸ ಬೇಗ. ಮಳೆಯಲ್ಲಿ ಕಂಬ ಹತ್ತುವ ಅವರೊಂದಿಗೆ ಜಗಳಕ್ಕೆ ನಿಲ್ಲಬೇಡಿ.

ಕೆಲಸದವರು ಸಿಗುವುದು ಕಷ್ಟ. ನವೆಂಬರ್‌ನಿಂದ ಮಾರ್ಚ್ ತನಕ, ಅರೇಬಿಕಾ ಮುಗಿದು ರೊಬಸ್ಟಾ ಕೊಯ್ಲು ತೀರುವವರೆಗೆ, ನಿಮ್ಮ ತೋಟದ ಬೇಲಿಗೋ ಮನೆಯ ರಿಪೇರಿಗೋ ಆಳು ಕೇಳಿದರೆ ನಕ್ಕುಬಿಡುತ್ತಾರೆ. ಆ ಕೆಲಸಗಳನ್ನು ಏಪ್ರಿಲ್‌ಗೆ ಇಟ್ಟುಕೊಳ್ಳಿ. ಹೆಚ್ಚು ಕೂಲಿ ಕೊಟ್ಟು ಪಕ್ಕದವರ ಕೆಲಸದವರನ್ನು ಎಳೆದುಕೊಂಡರೆ ಆ ವರ್ಷ ಊರಿನಲ್ಲಿ ನಿಮಗೆ ಮಾತಾಡಿಸುವವರು ಇರುವುದಿಲ್ಲ.

ಕನ್ನಡ ಎಲ್ಲರಿಗೂ ಬರುತ್ತದೆ. ಆದರೆ ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಹೀಗೆ ಊರಿಂದೂರಿಗೆ, ಮನೆಯಿಂದ ಮನೆಗೆ ಬೇರೆ. ಪಕ್ಕದವರ ಭಾಷೆಯಲ್ಲಿ ಊಟ ಆಯ್ತಾ ಎನ್ನುವುದನ್ನಾದರೂ ಕಲಿಯಿರಿ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳ ಹೊತ್ತಿಗೆ ಕೋವಿಯ ಸದ್ದು ಕೇಳಿ ಪೊಲೀಸರಿಗೆ ಫೋನ್ ಮಾಡಿದ ಹೊಸಬರೊಬ್ಬರ ಕತೆಯನ್ನು ನಮ್ಮ ಊರಿನವರು ಇನ್ನೂ ಹೇಳಿ ನಗುತ್ತಾರೆ. ಕಾಡಿನ ಅಂಚಿನ ಕಟ್ಟೆ, ಕೈಮಡ (ಹಿರಿಯರ ಗುಡಿ), ದೇವರಕಾಡಿನೊಳಗೆ ಕೇಳದೆ ಹೋಗಬೇಡಿ, ಅಲ್ಲಿ ಸೊಪ್ಪು ಮುರಿಯುವುದಂತೂ ಬೇಡವೇ ಬೇಡ.

ಜಿಗಣೆಗೆ ಹೆದರುವುದು ಬೇಡ, ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಹಾವಿಗೆ ಮಾತ್ರ ಉಡಾಫೆ ಬೇಡ: ರಾತ್ರಿ ಟಾರ್ಚಿಲ್ಲದೆ ಅಂಗಳಕ್ಕೆ ಇಳಿಯಬೇಡಿ, ಗಮ್‌ಬೂಟು ಹಾಕುವ ಮೊದಲು ಕೊಡವಿ.

9. ಹಿಂದೆ ಸರಿಯಬೇಕಾದ ಸೂಚನೆಗಳು

ಸೆಪ್ಟೆಂಬರ್ ಮೊದಲ ವಾರ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿ. ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ತಪ್ಪಿತು? ಎಷ್ಟು ಸಲ ಮೈಸೂರಿಗೆ ಓಡಿದಿರಿ? ಮಗುವಿನ ಕೆಮ್ಮು ಹದಿನೈದು ದಿನಕ್ಕಿಂತ ಹೆಚ್ಚು ಉಳಿಯಿತೇ? ಮನೆಯಲ್ಲಿ ಒಬ್ಬರಾದರೂ ದಿನವಿಡೀ ಹಾಸಿಗೆ ಬಿಟ್ಟೇಳದೆ ಮಂಕಾಗಿ ಕೂರುತ್ತಿದ್ದರೇ? ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಾರಗಟ್ಟಲೆ ಬಿಸಿಲು ಕಾಣದ ಮನೆಯಲ್ಲಿ ಮನಸ್ಸು ಕುಗ್ಗುವುದು ಸೋಮಾರಿತನದಿಂದಲ್ಲ.

ಇವುಗಳಲ್ಲಿ ಎರಡಕ್ಕೆ ಉತ್ತರ ಸಮಾಧಾನ ತರಲಿಲ್ಲವೆಂದರೆ ತೋಟದ ಊರಿನಿಂದ ಪೇಟೆಗೆ, ಪೇಟೆಯಲ್ಲಿದ್ದರೆ ಪೂರ್ವದ ಅಂಚಿಗೆ ಒಂದು ಹೆಜ್ಜೆ ಸರಿಯಿರಿ. ಊರು ಬಿಟ್ಟೇ ಹೋಗುವ ಮುಂಚೆ ಸೀಮೆ ಬದಲಿಸಿ ನೋಡಿ. ನಾವು ಸರಿದದ್ದು ಇಪ್ಪತ್ತೆರಡು ಕಿಲೋಮೀಟರ್ ಅಷ್ಟೇ, ಮಳೆ ಅರ್ಧಕ್ಕೆ ಇಳಿಯಿತು.

ಬಾಡಿಗೆ ಮನೆ ಬಿಡುವುದಾದರೆ ಸೆಪ್ಟೆಂಬರ್‌ನಲ್ಲೇ ಮಾಲೀಕರಿಗೆ ಹೇಳಿ. ದಸರೆ ರಜೆಯಿಂದ ಮುಂದಕ್ಕೆ ಕೊಡಗಿನಲ್ಲಿ ಮನೆ ಕೇಳಿಕೊಂಡು ಬರುವವರು ಸಾಲು ಹಚ್ಚುತ್ತಾರೆ. ಮಾಲೀಕರಿಗೆ ಬೇರೆ ಬಾಡಿಗೆದಾರ ಸಿಗುತ್ತಾನೆ, ನಿಮ್ಮ ಮುಂಗಡ ಸಲೀಸಾಗಿ ವಾಪಸ್ಸು ಬರುತ್ತದೆ.